ತೊಲ ತೂಗದ ಲಿಥಿಯಂ

ಊಟದ ಡಬ್ಬಿಯಷ್ಟೇ ಇರುವ ಒಂದು ಬ್ಯಾಟರಿ. ಮೈಮೇಲೆ 12.8 ವೋಲ್ಟ್, 10 ಆಂಪಿಯರ್-ಅವರ್ ಎಂದು ಬರೆದಿದೆ. ಎರಡನ್ನೂ ಗುಣಿಸಿದರೆ 128 ವ್ಯಾಟ್-ಅವರ್. ಕರೆಂಟು ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್ಟಿನ ಎಂಟನೆಯ ಒಂದು ಪಾಲು. ಇದನ್ನೇ ಆಹಾರದ ಲೆಕ್ಕಕ್ಕೆ ತಿರುಗಿಸಿದರೆ 110 ಕಿಲೋಕ್ಯಾಲೊರಿ. ಅಷ್ಟು ಶಕ್ತಿ 33 ಗ್ರಾಂ ರಾಗಿಹಿಟ್ಟಿನಲ್ಲಿರುತ್ತದೆ, ಒಂದು ಮುದ್ದೆಗೂ ಸಾಲದು. ಎಂಜಿನ್ನಿನ ನೆರವಿಲ್ಲದೆ ಹಾರುವ ಗ್ಲೈಡರ್ ಬೆಳಿಗ್ಗೆ ಏರಿ ಸಂಜೆ ಇಳಿಯುವ ತನಕ ಅದರ ರೇಡಿಯೋ, ಜಿಪಿಎಸ್, ಡಿಕ್ಕಿಯ ಎಚ್ಚರಿಕೆ ಕೊಡುವ ಯಂತ್ರ ಎಲ್ಲವೂ ಈ ಒಂದು ಹಿಡಿ ಹಿಟ್ಟಿನ ಮೇಲೆಯೇ ಬದುಕಬೇಕು.

ಹಾರಾಟಕ್ಕೆ ತಗಲುವ ಶಕ್ತಿಯ ಲೆಕ್ಕವೇ ಬೇರೆ. 2003ರ ಜನವರಿ 21ರಂದು ಜರ್ಮನಿಯ ಕ್ಲೌಸ್ ಓಲ್ಮನ್ ಅರ್ಜೆಂಟೀನಾದ ಚಾಪೆಲ್ಕೊ ನಿಲ್ದಾಣದಿಂದ ಹೊರಟು, ಆಂಡಿಸ್ ಪರ್ವತಗಳ ಮರೆಯಲ್ಲಿ ಅಲೆಯಾಗಿ ಏಳುವ ಗಾಳಿಯನ್ನು ಹಿಡಿದು, ಒಂದೇ ಹಗಲಿನಲ್ಲಿ 3,009 ಕಿಲೋಮೀಟರ್ ಹಾರಿದರು. ಗ್ಲೈಡರಿನ ತೂಕ 800 ಕಿಲೋ, 40 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗಿಳಿಯುತ್ತದೆ ಎಂದಿಟ್ಟುಕೊಂಡು ನಾನು ಲೆಕ್ಕ ಹಾಕಿದೆ. ಅಷ್ಟು ದೂರ ಗಾಳಿಯನ್ನು ಸೀಳಿಕೊಂಡು ಹೋಗಲು ಸುಮಾರು 164 ಯೂನಿಟ್ ಬೇಕು. ನಮ್ಮ ಕಡೆಯ ಒಂದು ಸಂಸಾರ ಒಂದು ತಿಂಗಳು ದೀಪ, ಫ್ಯಾನು, ಫ್ರಿಜ್ಜು, ಮಿಕ್ಸಿ ನಡೆಸಬಹುದಾದಷ್ಟು ಕರೆಂಟು. ಅಂಥ ಡಬ್ಬಿಗಳನ್ನು 1,280 ಒಟ್ಟಿದರೂ ತುಸು ಕಡಿಮೆಯೇ ಬಿದ್ದೀತು. ಅಷ್ಟನ್ನೂ ಬೆಟ್ಟಕ್ಕೆ ಬಡಿದು ಮೇಲೆದ್ದ ಗಾಳಿಯೇ ಕೊಟ್ಟಿತು.

ಬಯಲಿನ ಮೇಲೆ ಹಾರುವವರಿಗೂ ಇದೇ ಅನುಪಾತ. 500 ಕಿಲೋ ತೂಗುವ ಗ್ಲೈಡರನ್ನು ಎತ್ತಲು ಬ್ಯಾಟರಿಯಲ್ಲಿರುವ ಶಕ್ತಿಯನ್ನೆಲ್ಲ ಒಂದು ಚೂರೂ ಪೋಲಾಗದಂತೆ ಸುರಿದರೆ ಅದು 94 ಮೀಟರ್ ಏರುತ್ತದೆ, ಅಷ್ಟೇ. ಹದ್ದುಗಳು ಸುತ್ತುವಂಥ ಬಿಸಿಗಾಳಿಯ ಕಂಬದೊಳಗೆ ಸೆಕೆಂಡಿಗೆ 2 ಮೀಟರ್ ಏರುತ್ತಿರುವ ಗ್ಲೈಡರ್ ಅದೇ ಎತ್ತರವನ್ನು ಎರಡು ಸುತ್ತಿನಲ್ಲಿ, ಒಂದು ನಿಮಿಷದೊಳಗೆ ಗಳಿಸುತ್ತದೆ. ಹತ್ತು ಗಂಟೆ ಸಾಧನಗಳನ್ನು ನಡೆಸುವ ಶಕ್ತಿ ಆಕಾಶಕ್ಕೆ ಎರಡು ಸುತ್ತಿನ ಖರ್ಚು.

ಹಾಗಾದರೆ ಬ್ಯಾಟರಿ ಯಾಕೆ ಬೇಕು? ವೇಗ ತೋರಿಸುವ ಮುಳ್ಳು, ಎತ್ತರ ತೋರಿಸುವ ಮುಳ್ಳು ಎರಡೂ ಗಾಳಿಯ ಒತ್ತಡದಿಂದಲೇ ಆಡುತ್ತವೆ, ಬ್ಯಾಟರಿ ಸತ್ತರೂ ಗ್ಲೈಡರ್ ಬೀಳುವುದಿಲ್ಲ. ಆದರೆ ಅದು ಮೂಕ, ಕಿವುಡ ಆಗಿಬಿಡುತ್ತದೆ. ಒಂದೇ ಬಿಸಿಗಾಳಿಯ ಕಂಬದಲ್ಲಿ ಹತ್ತಾರು ಗ್ಲೈಡರುಗಳು ಸುತ್ತುವಾಗ ಡಿಕ್ಕಿ ಆಗದಿರಲೆಂದು 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಫ್ಲಾರ್ಮ್ ಎಂಬ ಪುಟ್ಟ ಯಂತ್ರ ಪ್ರತಿ ಸೆಕೆಂಡೂ ತನ್ನ ಜಾಗವನ್ನು ಸುತ್ತಲಿನವರಿಗೆ ಸಾರುತ್ತಿರುತ್ತದೆ. ಆ ಜಾಗ ಗೊತ್ತಾಗಬೇಕಾದರೆ 20,200 ಕಿಲೋಮೀಟರ್ ಎತ್ತರದ ಉಪಗ್ರಹದ ಸದ್ದನ್ನು ಕೇಳಿಸಿಕೊಳ್ಳಬೇಕು. ಆ ಸದ್ದು ಇಲ್ಲಿಗೆ ಮುಟ್ಟುವಾಗ ಒಂದು ವ್ಯಾಟನ್ನು 1ರ ಮುಂದೆ 16 ಸೊನ್ನೆ ಇಟ್ಟಷ್ಟು ಪಾಲು ಮಾಡಿದರೆ ಬರುವ ಒಂದು ಚೂರಿನ ಮಟ್ಟದಲ್ಲಿರುತ್ತದೆ. ಇನ್ನು 6 ವ್ಯಾಟಿನ ರೇಡಿಯೋ. 3,000 ಮೀಟರ್ ಎತ್ತರದಿಂದ ದಿಗಂತ 195 ಕಿಲೋಮೀಟರ್ ದೂರ, ಅಡ್ಡ ಏನೂ ಇಲ್ಲದ ಬಯಲಾಗಿದ್ದರೆ ಮಾತು ಅಲ್ಲಿಯ ತನಕ ನೇರ ಹೋಗಬಲ್ಲದು. ಇವನ್ನೆಲ್ಲ ಸೇರಿಸಿದರೂ ಸರಾಸರಿ ಒಂದು ಆಂಪಿಯರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ದಾಖಲೆಗಾಗಿ ಹಾರುವವರಿಗಂತೂ ದಾರಿಯನ್ನು ಬರೆದಿಡುವ ಯಂತ್ರ ನಡುವೆ ನಿಂತಿತೆಂದರೆ ಇಡೀ ದಿನದ ಸಾಹಸಕ್ಕೆ ಸಾಕ್ಷಿಯೇ ಉಳಿಯದು.

ದಶಕಗಳ ಕಾಲ ಈ ಕೆಲಸ ಮಾಡಿದ್ದು ಸೀಸದ ಬ್ಯಾಟರಿ. 12 ವೋಲ್ಟ್, 7 ಆಂಪಿಯರ್-ಅವರ್, ಎರಡೂವರೆ ಕಿಲೋ. ನಮ್ಮಲ್ಲಿ ಕಂಪ್ಯೂಟರ್ ಮೇಜಿನ ಕೆಳಗೆ ಕೂತಿರುವ ಯುಪಿಎಸ್ ಬಿಚ್ಚಿದರೆ ಒಳಗೆ ಸಿಗುವುದೂ ಬಹುಮಟ್ಟಿಗೆ ಅದೇ. ಗಾಸ್ತೋನ್ ಪ್ಲಾಂಟೆ ಅದರ ಮೂಲಪುರುಷನನ್ನು ಕಟ್ಟಿದ್ದು 1859ರಲ್ಲಿ. ಇಂಥ ಹಿರಿಯನ ಜಾಗಕ್ಕೆ ಲಿಥಿಯಂ ಬರುತ್ತಿರುವುದೇಕೆ ಎಂಬುದನ್ನು ಪರಮಾಣುವಿನ ಮಟ್ಟದಲ್ಲಿ ತೂಗಿ ನೋಡಬೇಕು. ಸೀಸದ ಒಂದು ಪರಮಾಣುವಿನ ತೂಕ 207, ಅದು ಕೊಡುವುದು ಎರಡು ಎಲೆಕ್ಟ್ರಾನ್. ಲಿಥಿಯಮ್ಮಿನ ತೂಕ ಬರೀ 7, ಕೊಡುವುದು ಒಂದು. ಅಂದರೆ ಒಂದೊಂದು ಎಲೆಕ್ಟ್ರಾನಿಗೂ ಸೀಸ ಹೊರುವ ಭಾರ ಲಿಥಿಯಮ್ಮಿನ ಹದಿನೈದು ಪಟ್ಟು.

ನಮ್ಮ ಡಬ್ಬಿ ಒಂದು ಆಂಪಿಯರ್ ಕೊಡುತ್ತಿರುವಾಗ ಅದರ ನಾಲ್ಕು ಸೆಲ್ಲುಗಳಲ್ಲಿ ಒಂದೊಂದರಲ್ಲೂ ಸೆಕೆಂಡಿಗೆ 62 ಸಾವಿರ ಕೋಟಿ ಕೋಟಿ ಲಿಥಿಯಂ ಅಯಾನುಗಳು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟುತ್ತಿರುತ್ತವೆ. ಬೆಳಗಿನಿಂದ ಸಂಜೆಯವರೆಗೆ ದಾಟಿದ ಲಿಥಿಯಮ್ಮನ್ನೆಲ್ಲ ಒಟ್ಟುಗೂಡಿಸಿ ತಕ್ಕಡಿಗೆ ಹಾಕಿದರೆ? ನಾಲ್ಕೂ ಸೆಲ್ಲಿನದು ಸೇರಿ 10.4 ಗ್ರಾಂ. ಒಂದು ತೊಲಕ್ಕೂ ಕಡಿಮೆ! ಈ ಉತ್ತರ ಬಂದಾಗ ನನಗೆ ನಂಬಿಕೆಯಾಗಲಿಲ್ಲ, ಮೂರು ಸಲ ಲೆಕ್ಕ ಹಾಕಿದೆ. ಡಬ್ಬಿಯ ಉಳಿದ ತೂಕವೆಲ್ಲ ಆ ತೊಲಕ್ಕೆ ಮನೆ ಕಟ್ಟಿಕೊಟ್ಟ ಕಬ್ಬಿಣ, ರಂಜಕ, ಗ್ರಾಫೈಟು, ತಾಮ್ರ, ಅಲ್ಯುಮಿನಿಯಂ. ಅದರಿಂದಲೇ ಹದಿನೈದು ಪಟ್ಟಿನ ಲಾಭ ಕೊನೆಗೆ ಮೂರು ಪಟ್ಟಿಗೆ ಇಳಿಯುತ್ತದೆ. ಸೀಸದಲ್ಲಿ ಕಿಲೋಗೆ 34 ವ್ಯಾಟ್-ಅವರ್, ಇದರಲ್ಲಿ ಸುಮಾರು 100.

ಕಿಲೋಗೆ 200 ದಾಟುವ ಲಿಥಿಯಂ ಬ್ಯಾಟರಿಗಳೂ ಇವೆ, ನಮ್ಮ ಮೊಬೈಲಿನೊಳಗೆ ಇರುವುದು ಆ ಜಾತಿಯದೇ. ಹಾಗಿದ್ದೂ ಗ್ಲೈಡರಿಗೆ ಕಬ್ಬಿಣದ ಫಾಸ್ಫೇಟ್ ಇರುವ ಲಿಥಿಯಮ್ಮನ್ನೇ ಆರಿಸುವವರ ಪರ ನಾನಿದ್ದೇನೆ. 2013ರ ಜನವರಿಯಲ್ಲಿ ನಡೆದದ್ದನ್ನು ನೆನೆಯಿರಿ. ಬೋಯಿಂಗ್ 787 ವಿಮಾನಗಳಲ್ಲಿ ಕೋಬಾಲ್ಟ್ ಆಕ್ಸೈಡಿನ ಎಂಟು ಸೆಲ್ಲುಗಳ ಬ್ಯಾಟರಿಗಳಿದ್ದವು, ಒಂದೊಂದೂ 28 ಕಿಲೋ ತೂಕದ್ದು. ಹತ್ತು ದಿನಗಳೊಳಗೆ ಅಂಥ ಎರಡು, ಒಂದು ಬಾಸ್ಟನ್ನಿನ ನೆಲದಲ್ಲಿ, ಇನ್ನೊಂದು ಜಪಾನಿನ ಆಕಾಶದಲ್ಲಿ, ಕೆಟ್ಟು ಹೊಗೆಯಾಡಿದವು. ಜಗತ್ತಿನಲ್ಲಿ ಸೇವೆಯಲ್ಲಿದ್ದ 50 ವಿಮಾನಗಳೂ ತಿಂಗಳುಗಟ್ಟಲೆ ನೆಲಕ್ಕಿಳಿದು ಕೂತವು. ಕೋಬಾಲ್ಟ್ ಆಕ್ಸೈಡ್ ಅತಿಯಾಗಿ ಕಾದರೆ ತನ್ನೊಳಗಿನ ಆಮ್ಲಜನಕವನ್ನು ತಾನೇ ಬಿಟ್ಟುಕೊಡುತ್ತದೆ, ಬೆಂಕಿಗೆ ಹೊರಗಿನ ಗಾಳಿಯ ಹಂಗಿಲ್ಲ. ಫಾಸ್ಫೇಟಿನಲ್ಲಿ ಅದೇ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದಿರುತ್ತದೆ. ಇದು ಸುಡುವುದೇ ಇಲ್ಲವೆಂದಲ್ಲ, ಒಳಗಿನ ದ್ರವಕ್ಕೆ ಬೆಂಕಿ ಹತ್ತುತ್ತದೆ. ಆದರೆ ಆ ಸ್ಥಿತಿಗೆ ದೂಡಲು ಬಹಳ ಹೆಚ್ಚಿನ ಕಾವು ಬೇಕು. ಗ್ಲೈಡರಿನಲ್ಲಿ ಬ್ಯಾಟರಿ ಹೆಚ್ಚಾಗಿ ಚಾಲಕನ ಬೆನ್ನ ಹಿಂದೆ, ಮೊಳದಳತೆಯಲ್ಲಿ ಇರುತ್ತದೆ. ಎದ್ದು ಅತ್ತ ಸರಿಯುವುದಕ್ಕೆ ಜಾಗವಿಲ್ಲ. ಅಂಥಲ್ಲಿ ಕೆಲವು ನೂರು ಗ್ರಾಂ ಹಗುರವಾಗುವುದರಲ್ಲಿ ಯಾವ ಜಾಣತನವೂ ನನಗೆ ಕಾಣದು.

ಈ ಫಾಸ್ಫೇಟನ್ನು ಜಗತ್ತಿಗೆ ತೋರಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ, 97ರ ವಯಸ್ಸಿನಲ್ಲಿ, ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತು. ನಡುವಿನ ಹೆಸರನ್ನು ಓದುವಾಗ ಕನ್ನಡ ಕಿವಿ ನಿಮಿರುತ್ತದೆ.

ಇನ್ನೊಂದು ಅದೃಷ್ಟವಿದೆ. ಫಾಸ್ಫೇಟಿನ ಒಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿಸಿದರೆ 12.8, ಸೀಸದ ಬ್ಯಾಟರಿಗೆಂದು ಮಾಡಿದ ರೇಡಿಯೋಗಳಿಗೆ ಅಳೆದು ಹೊಲಿಸಿದಂತೆ. ಕೋಬಾಲ್ಟಿನವು ಮೂರಾದರೆ 11.1, ನಾಲ್ಕಾಗಿ ಪೂರ್ತಿ ತುಂಬಿದರೆ 16.8; ಒಂದು ಕಡಿಮೆ, ಇನ್ನೊಂದು ಅಪಾಯ. ಆದರೆ ಈ ಅದೃಷ್ಟದಲ್ಲೇ ಒಂದು ಗುಂಡಿಯೂ ಇದೆ. ಸೀಸದ ವೋಲ್ಟೇಜು ಮೆಲ್ಲಗೆ ಇಳಿಯುತ್ತ, ಮುಗಿಯುತ್ತಿದ್ದೇನೆ ಎಂದು ಮೊದಲೇ ಹೇಳುತ್ತದೆ. ಫಾಸ್ಫೇಟು ಬಯಲಿನಂತೆ ಸಮತಟ್ಟಾಗಿ ನಡೆದು ಕೊನೆಯಲ್ಲಿ ಒಮ್ಮೆಲೇ ಪ್ರಪಾತಕ್ಕೆ ಬೀಳುತ್ತದೆ. ಒಳಗಿನ ಕಾವಲು ಸರ್ಕ್ಯೂಟು ಕೊಂಡಿ ಕಡಿದಾಗ ಪರದೆಗಳೆಲ್ಲ ಒಂದೇ ಕ್ಷಣದಲ್ಲಿ ಕಪ್ಪು. ಹಾಗಾಗಿ ಎರಡು ಬ್ಯಾಟರಿ, ನಡುವೆ ಒಂದು ಸ್ವಿಚ್ಚು ಇಡಬೇಕು. ಫ್ಯೂಸು ಬ್ಯಾಟರಿಯ ತುದಿಗೆ ಅಂಟಿಕೊಂಡಂತೆಯೇ ಇರಬೇಕು: ಒಳಗಿನ ರೋಧ 40 ಮಿಲಿಓಮ್ ಎಂದು ಹಿಡಿದರೂ ತಂತಿ ತಗುಲಿದ ಕ್ಷಣ ಹರಿಯುವುದು 300 ಆಂಪಿಯರಿಗೂ ಮೇಲೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಲೇಬಾರದು. ಲಿಥಿಯಂ ಗ್ರಾಫೈಟಿನೊಳಗೆ ಸೇರದೆ ಲೋಹವಾಗಿ ಅದರ ಮೇಲೆ ಕೂರುತ್ತದೆ.

ಕೊನೆಯದಾಗಿ, ಹಗುರವಾದದ್ದೇ ಲೆಕ್ಕ ತಪ್ಪಿಸುವ ಒಂದು ಜಾಗ. ಹಲವು ಗ್ಲೈಡರುಗಳಲ್ಲಿ ತೂಕದ ಸಮತೋಲಕ್ಕೆಂದೇ ಒಂದು ಬ್ಯಾಟರಿಯನ್ನು ಬಾಲದ ರೆಕ್ಕೆಯೊಳಗೆ ಇಟ್ಟಿರುತ್ತಾರೆ. ಅಲ್ಲಿನ ಎರಡೂವರೆ ಕಿಲೋ ಸೀಸ ತೆಗೆದು 1.3 ಕಿಲೋ ಲಿಥಿಯಂ ಇಟ್ಟರೆ ಹೋಗುವುದು 1.2 ಕಿಲೋ. ಬಾಲ 4 ಮೀಟರ್ ಹಿಂದಿದೆ, ಗ್ಲೈಡರೂ ಚಾಲಕನೂ ಸೇರಿ 360 ಕಿಲೋ ಎಂದರೆ ಗುರುತ್ವಕೇಂದ್ರ 13 ಮಿಲಿಮೀಟರ್ ಮುಂದೆ ಸರಿಯುತ್ತದೆ. ಅದು ಅತ್ತಿತ್ತ ಸರಿಯಲು ಬಿಟ್ಟಿರುವ ಜಾಗವೇ ಸಾಮಾನ್ಯವಾಗಿ ಒಂದು ಗೇಣಿಗಿಂತ ಕಡಿಮೆ. ಆ ಕೇಂದ್ರಕ್ಕಿಂತ ಅರ್ಧ ಮೀಟರಿನಷ್ಟು ಮುಂದೆ ಕೂರುವ ಚಾಲಕನ ಮೈತೂಕಕ್ಕೆ ತಿರುಗಿಸಿ ನೋಡಿದರೆ ಬಾಲದ ಆ 1.2 ಕಿಲೋ ಸೀಟಿನಲ್ಲಿ 9 ಕಿಲೋಗೂ ಮೇಲೆ. ಸಣಕಲು ಚಾಲಕರಿಗೆ ಇದು ಅನುಕೂಲ, ದಪ್ಪ ಮೈಯವರಿಗೆ ತೊಡಕು. ಆದ್ದರಿಂದ ಬ್ಯಾಟರಿ ಬದಲಾದ ದಿನ ಗ್ಲೈಡರನ್ನು ಮತ್ತೆ ತಕ್ಕಡಿಗೆ ಏರಿಸಬೇಕು, ಸೀಟಿನ ಮುಂದೆ ಅಂಟಿಸಿದ ಚೀಟಿಯಲ್ಲಿ ಚಾಲಕನ ಕನಿಷ್ಠ, ಗರಿಷ್ಠ ತೂಕವನ್ನು ಹೊಸದಾಗಿ ಬರೆಯಬೇಕು.