ನಾಯಿಮರಿ ತರುವ ಮುನ್ನ: ಹಾಸಿಗೆಗಿಂತ ಮೊದಲು ಲಸಿಕೆ ಚೀಟಿ

ಶಿವಮೊಗ್ಗ: ಮನೆಗೆ ನಾಯಿಮರಿ ಬರುತ್ತದೆಂದರೆ ಕುಟುಂಬ ಮೊದಲು ಧಾವಿಸುವುದು ಸಾಕುಪ್ರಾಣಿ ಸಾಮಗ್ರಿಗಳ ಅಂಗಡಿಗೆ. ಬಣ್ಣದ ಕೊರಳಪಟ್ಟಿ, ಮೆತ್ತನೆಯ ಹಾಸಿಗೆ, ರಬ್ಬರ್ ಮೂಳೆ, ಪರಿಮಳದ ಶಾಂಪೂ ಕೊಳ್ಳುವಷ್ಟರಲ್ಲಿ ಜೇಬು ಬರಿದಾಗಿರುತ್ತದೆ. ಮರಿಯ ಜೀವ ಕಾಯುವ ವಸ್ತುಗಳಿಗೆ ಹಣ ಉಳಿದಿರುವುದಿಲ್ಲ.

ಮೊದಲ ಖರ್ಚು ಲಸಿಕೆಗೇ ಸಲ್ಲಬೇಕು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಂದುವ ಎಳೆಯ ವಾರಗಳಲ್ಲಿಯೇ ಪಾರ್ವೊ, ಡಿಸ್ಟೆಂಪರ್ ರೋಗಗಳು ಎರಗುತ್ತವೆ. 6ರಿಂದ 8 ವಾರಗಳೊಳಗೆ ಮೊದಲ ಚುಚ್ಚುಮದ್ದು, ಅನಂತರ 16 ವಾರ ತುಂಬುವವರೆಗೆ 3-4 ವಾರಗಳಿಗೊಮ್ಮೆ ಪುನರಾವರ್ತನೆ, 3 ತಿಂಗಳಿಗೆ ರೇಬೀಸ್ ಲಸಿಕೆ ಎಂಬುದು ಸಾಮಾನ್ಯ ಕ್ರಮ. ಒಂದಕ್ಕೇ ಸುಮ್ಮನಾಗುವುದು ಅಪಾಯಕರ. ತಾಯಿಯ ಶಕ್ತಿ ಮರಿಯ ಮೈಯಲ್ಲಿ ಇನ್ನೂ ಉಳಿದಿದ್ದರೆ ಅದು ಲಸಿಕೆಯನ್ನೇ ನಿಷ್ಫಲಗೊಳಿಸಬಲ್ಲದು. ಪುನರಾವರ್ತನೆಯ ಕಾರಣ ಇದೇ. ಜಂತುನಾಶಕ ಔಷಧಿಯೂ ಇದರ ಜೊತೆಗೇ ಆಗಬೇಕು. ಮರಿ ಕೊಡುವವರಿಂದ ಲಸಿಕೆ ಚೀಟಿಯನ್ನು ಕೇಳಿ ಪಡೆಯಬೇಕು. ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯ ಭದ್ರಾವತಿಯವರಿಗೂ ದೂರವೇನಲ್ಲ.

ಹಿಂದೆ ಸಾಕಿದ ನಾಯಿ ಪಾರ್ವೊದಿಂದ ಸತ್ತಿದ್ದ ಮನೆಯಾದರೆ ಇನ್ನಷ್ಟು ಎಚ್ಚರ ಅಗತ್ಯ. ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಫಿನಾಯಿಲ್‌ಗೆ ಅದು ಜಗ್ಗದು. ನೆಲವನ್ನು ತೊಳೆದು ಒರೆಸಿದ ಮೇಲೆ ನೀರಿನಲ್ಲಿ ಬೆರೆಸಿದ ಬ್ಲೀಚ್ ಬಳಸಬೇಕಾಗುತ್ತದೆ. ಹಳೆಯ ಬಟ್ಟಲು, ಹಾಸಿಗೆಗಳನ್ನು ಹೊಸ ಮರಿಗೆ ಕೊಡದಿರುವುದೇ ಲೇಸು.

ಉಳಿದವು ಬಹುಪಾಲು ಮನೆಯಲ್ಲೇ ದೊರೆಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಸ್ಪಂಜಿನ ಹಾಸಿಗೆ ಒಮ್ಮೆ ಒದ್ದೆಯಾದರೆ ವಾರವಾದರೂ ಒಣಗದು, ಬೂಷ್ಟು ಹಿಡಿಯುತ್ತದೆ. ಹಲಗೆಯ ಮೇಲೆ ಮಡಿಸಿದ ಹಳೆಯ ನೂಲಿನ ಸೀರೆ ಅದಕ್ಕಿಂತ ಉತ್ತಮ. ಅಗಲ ತಳದ ಎರಡು ಸ್ಟೀಲ್ ಬಟ್ಟಲು ಸಾಕು. ಮಲಮೂತ್ರದ ಅಭ್ಯಾಸ ಮಾಡಿಸಲು ಹಳೆಯ ಪತ್ರಿಕೆಗಳಿವೆ. ಮೈಸೂರು ಕಾಗದ ಕಾರ್ಖಾನೆ ವರ್ಷಗಳ ಕಾಲ ಪತ್ರಿಕಾ ಕಾಗದ ತಯಾರಿಸಿದ ಭದ್ರಾವತಿಯಲ್ಲಿ ಅವಕ್ಕೆ ಬರವಿರಲಾರದು.

ಆಹಾರದಲ್ಲಿ ಆತುರ ಸಲ್ಲದು. ಮೊದಲಿದ್ದ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಕೆಲದಿನ ಮುಂದುವರಿಸಿ, ಕ್ರಮೇಣ ಬದಲಾಯಿಸಬೇಕು. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಬರೀ ಮೊಸರನ್ನದಿಂದ ಬೆಳೆಯುವ ಮರಿಗೆ ಸಾಕಷ್ಟು ಪ್ರೋಟೀನು ಸಿಗದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷಕ್ಕೆ ಸಮಾನ.

ಉಣುಗು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ ಇಲ್ಲಿ ಐಷಾರಾಮವಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಯಿತು. ಉಣುಗೆಂದರೆ ಜನ ಬೆಚ್ಚುವುದು ಸಹಜ. ನಾಯಿಗೆ ಸಾಮಾನ್ಯವಾಗಿ ಹತ್ತುವ ಕಂದು ಉಣುಗು ಬೇರೆ ಜಾತಿಯದಾದರೂ, ನಾಯಿಯ ರಕ್ತಕ್ಕೆ ಮಾರಕ ಜ್ವರಗಳನ್ನು ಅದೇ ಹರಡುತ್ತದೆ. ದೊಡ್ಡ ನಾಯಿಯ ಔಷಧಿಯನ್ನು ಅಂದಾಜಿನಲ್ಲಿ ಮರಿಗೆ ಹಚ್ಚಬಾರದು. ವಯಸ್ಸು, ತೂಕ ನೋಡಿ ವೈದ್ಯರೇ ಸೂಚಿಸಬೇಕು.

ಕೊರಳಪಟ್ಟಿಗೆ ಅವಸರವಿಲ್ಲ. ಲಸಿಕೆಗಳು ಪೂರ್ಣಗೊಳ್ಳುವವರೆಗೆ ಬೀದಿನಾಯಿಗಳು ಓಡಾಡುವ ಜಾಗಕ್ಕೆ ಮರಿಯನ್ನು ಇಳಿಸುವಂತಿಲ್ಲ. ಆ ವೇಳೆಗೆ ಮೊದಲ ದಿನ ಕೊಂಡ ಪಟ್ಟಿ ಅದರ ಕೊರಳಿಗೆ ಸಾಲುವುದೂ ಇಲ್ಲ.