ಜರಡಿಯಲ್ಲಿ ಸೋರಿಹೋದ ಮುಖ

“ನಮ್ಮ ಮುತ್ತ್ಯಾನ ಒಂದೇ ಒಂದು ಫೋಟೋ ಅದರಿ. ಮದುವಿ ಗ್ರೂಪಿನ್ಯಾಗ ನಿಂತಾನ. ವಾಟ್ಸ್ಯಾಪಿಗೆ ಬಂದದ್ದು, ಮಾರಿ ಮಬ್ಬು ಮಬ್ಬು. ಕಂಪ್ಯೂಟರಿನ್ಯಾಗಿನ ಪುಕ್ಕಟ ಎಡಿಟರಿಗೆ ಹಾಕಿ ನೋಡಿದೆ, ಚೊಲೋ ಆಗವಲ್ದು. ತಿಂಗಳಾ ರೊಕ್ಕ ಕಟ್ಟೋ ದೊಡ್ಡ ಸಾಫ್ಟ್‌ವೇರ್ ತಗೊಂಡ್ರ ಮಾರಿ ಕಾಣತದೇನ್ರಿ?”

ಮಳಖೇಡದ ಮಗ್ಗುಲಿನ ಸಿಮೆಂಟ್ ಕಾರ್ಖಾನೆಯ ಊರು ಆದಿತ್ಯನಗರದಿಂದ ಓದುಗರೊಬ್ಬರು ಕೇಳಿದ್ದು. ಉತ್ತರ ಒಂದೇ ಮಾತಿನದು: ಕಾಣುವುದಿಲ್ಲ. ಆದರೆ ಏಕೆ ಕಾಣುವುದಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಕತೆ. ಅದರೊಳಗೆ ಬೆಂಗಳೂರಿನವರೊಬ್ಬರು ಇದ್ದಾರೆ.

ಫೋಟೋ ತರಿಸಿಕೊಂಡು ಅಳೆದೆ. ಇಡೀ ಚಿತ್ರದ ಅಗಲ 1280 ಪಿಕ್ಸೆಲ್. ಎರಡು ಸಾಲು ಬೀಗರು, ಮುಂದೆ ಕುಳಿತ ಮಕ್ಕಳು, ಹಿಂದೆ ಪರಸಿ ಕಲ್ಲಿನ ಗೋಡೆ. ಮುತ್ತ್ಯಾನ, ಅಂದರೆ ಅಜ್ಜನ, ಮುಖಕ್ಕೆ ಬಂದ ಪಾಲು ಅಡ್ಡಕ್ಕೆ 48 ಪಿಕ್ಸೆಲ್. ದೊಡ್ಡದು ಮಾಡಿ ನೋಡಿದಾಗ ಮುಖವೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಒಡೆಯಿತು. ಒಂದೊಂದು ಚೌಕ ಎಂಟು ಪಿಕ್ಸೆಲ್ ಅಗಲ, ಎಂಟು ಎತ್ತರ. ಅಂದರೆ ಮುಖದ ಅಗಲಕ್ಕೆ ಬರೀ ಆರು ಚೌಕ. ಒಂದು ಕಣ್ಣು ಒಂದು ಚೌಕಕ್ಕಿಂತ ತುಸು ಹೆಚ್ಚು, ಅಷ್ಟೇ.

ಈ ಚೌಕದ ಗಣಿತ ನಾಸಿರ್ ಅಹ್ಮದ್ ಅವರದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದವರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಚಿತ್ರಗಳನ್ನು ಚಿಕ್ಕದಾಗಿ ಹಿಡಿದಿಡುವ ಹೊಸ ಲೆಕ್ಕವೊಂದರ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಕೇಳಿದರು. ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಆಕ್ಷೇಪಿಸಿದ್ದನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಸೇರಿ 1974ರಲ್ಲಿ ಪುಟ್ಟ ಪ್ರಬಂಧವೊಂದನ್ನು ಪ್ರಕಟಿಸಿದರು. ಆ ಲೆಕ್ಕದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. 1992ರಲ್ಲಿ ಬಂದ ಜೆಪೆಗ್ ಪದ್ಧತಿ ಅದರ ಮೇಲೆಯೇ ನಿಂತಿತು. ಇವತ್ತು ನಿಮ್ಮ ಮೊಬೈಲಿನಲ್ಲಿರುವ ಮದುವೆ, ಜಾತ್ರೆ, ತೊಟ್ಟಿಲ ಫೋಟೋಗಳಲ್ಲಿ ಬಹುಪಾಲು ಆ ‘ತೀರಾ ಸರಳ’ ಲೆಕ್ಕದಲ್ಲೇ ಮಡಚಿಕೊಂಡು ಕೂತಿವೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಲೆಕ್ಕ ಹೀಗಿದೆ. ಚೌಕದಲ್ಲಿರುವುದು 64 ಪಿಕ್ಸೆಲ್, ಅಂದರೆ 64 ಅಂಕಿ. ಇವನ್ನು ಬೇರೆ 64 ಅಂಕಿಗಳಾಗಿ ಬದಲಿಸುತ್ತಾರೆ. ಮೊದಲನೆಯದು ಚೌಕದ ಸರಾಸರಿ ಬೆಳಕು. ಆಮೇಲಿನವು ದಪ್ಪ ಅಲೆಗಳು, ಕೊನೆಕೊನೆಯವು ಕೂದಲೆಳೆಯಂಥ ಸಣ್ಣ ಅಲೆಗಳು. ಇಲ್ಲಿಯತನಕ ಏನೂ ಕಳೆದಿಲ್ಲ. ಬೇಕೆಂದರೆ ಹಿಂದಕ್ಕೆ ತಿರುಗಿಸಿ ಅದೇ ಚಿತ್ರ ಪಡೆಯಬಹುದು. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಸಣ್ಣ ಅಲೆಗಳ ಅಂಕಿಗಳನ್ನು ದೊಡ್ಡ ಸಂಖ್ಯೆಯಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. 7ನ್ನು 60ರಿಂದ ಭಾಗಿಸಿದರೆ ಸೊನ್ನೆಯ ಹತ್ತಿರ, ಸೊನ್ನೆ ಎಂದೇ ಬರೆ. 13 ಇದ್ದರೂ ಸೊನ್ನೆ, 22 ಇದ್ದರೂ ಸೊನ್ನೆ. ಸೊನ್ನೆಗಳ ಸಾಲು ಬರೆದಿಡಲು ಜಾಗವೇ ಬೇಡ, ಹಾಗಾಗಿ ಫೋಟೋ ಹಗುರ. ಸಿಮೆಂಟಿನ ಊರಿನವರಿಗೆ ಜರಡಿ ಹೊಸದೇನಲ್ಲ: ದಪ್ಪ ಜಲ್ಲಿ ಮೇಲೆ ಉಳಿಯುತ್ತದೆ, ಪುಡಿ ಸೋರಿಹೋಗುತ್ತದೆ. ಮುಖದಲ್ಲಿ ಆ ಪುಡಿಯೆಂದರೆ ರೆಪ್ಪೆ, ಹಣೆಯ ಗೆರೆ, ಮೀಸೆಯ ಎಳೆ. ವಾಟ್ಸ್ಯಾಪಿನಲ್ಲಿ ಹಾದುಬರುವಾಗ ಚಿತ್ರ ಕುಗ್ಗಿ ಇನ್ನೊಮ್ಮೆ ಜರಡಿ ಹಿಡಿಸಿಕೊಳ್ಳುತ್ತದೆ.

ಈಗ ಹೇಳಿ, ಸೊನ್ನೆಯನ್ನು ನೋಡಿ ಮೊದಲು ಅಲ್ಲಿದ್ದದ್ದು ಏಳೋ ಇಪ್ಪತ್ತೆರಡೋ ಎಂದು ಯಾರು ಹೇಳಬಲ್ಲರು? ಪುಕ್ಕಟೆ ಎಡಿಟರಿಗೂ ಗೊತ್ತಿಲ್ಲ, ಸಾವಿರಾರು ರೂಪಾಯಿಯದಕ್ಕೂ ಗೊತ್ತಿಲ್ಲ. ‘ಶಾರ್ಪ್’ ಮಾಡುವ ಗುಂಡಿ ಎರಡರಲ್ಲೂ ಮಾಡುವುದು ಒಂದೇ ಕೆಲಸ: ಅಂಚಿನ ಕಪ್ಪು ಬದಿಯನ್ನು ಇನ್ನಷ್ಟು ಕಪ್ಪು, ಬಿಳಿ ಬದಿಯನ್ನು ಇನ್ನಷ್ಟು ಬಿಳಿ. ಕಣ್ಣಿಗೆ ಚುರುಕಾಗಿ ಕಾಣುತ್ತದೆ. ಹೊಸದೊಂದು ಎಳೆಯೂ ಬಂದಿರುವುದಿಲ್ಲ.

ಇಷ್ಟು ಬರೆದು ಕಳಿಸುವಷ್ಟರಲ್ಲಿ ಅವರಿಂದ ಇನ್ನೊಂದು ಚಿತ್ರ ಬಂತು. ಪರಿಚಯದ ಹುಡುಗನೊಬ್ಬ ಎಐ ಆ್ಯಪಿಗೆ ಹಾಕಿ ಮುತ್ತ್ಯಾನ ‘ಖರೇ ಮಾರಿ’ ತೆಗೆದುಕೊಟ್ಟಿದ್ದ. ನುಣುಪು ಕೆನ್ನೆ, ಹೊಳೆವ ಕಣ್ಣು, ತೀಡಿದ ಹುಬ್ಬು. ಯಂತ್ರ ತೋರಿಸಿದ್ದೆಲ್ಲ ಖರೇ ಎಂಬ ಮೂಢನಂಬಿಕೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅಂಜನ ಹಾಕಿ ಕಳೆದ ವಸ್ತು ತೋರಿಸುತ್ತೇನೆ ಎನ್ನುವವರನ್ನು ನಾವು ನಂಬುವುದಿಲ್ಲ. ಕಂಪ್ಯೂಟರ್ ಅದನ್ನೇ ಹೇಳಿದರೆ ಕೈಮುಗಿಯುತ್ತೇವೆ. ಆ ಯಂತ್ರ ಮುತ್ತ್ಯಾನನ್ನು ಎಂದೂ ನೋಡಿಲ್ಲ. ಬೇರೆಯವರ ಲಕ್ಷಾಂತರ ಮುಖ ನೋಡಿ ಕಲಿತು, ಆರು ಚೌಕದ ಮಬ್ಬಿಗೆ ಒಪ್ಪುವ ಯಾವುದೋ ಒಂದು ಮುಖ ಬರೆಯುತ್ತದೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರ ‘ಪಲ್ಸ್’ ಎಂಬ ಇಂಥದೇ ಸಾಧನಕ್ಕೆ ಬರಾಕ್ ಒಬಾಮರ ಮಬ್ಬು ಚಿತ್ರ ಕೊಟ್ಟಾಗ ಹೊರಬಂದದ್ದು ಬಿಳಿಯನೊಬ್ಬನ ಮುಖ! ಜಗತ್ತೇ ಬಲ್ಲ ಮುಖದ ಗತಿ ಹೀಗಾದರೆ, ಸೇಡಂ ತಾಲ್ಲೂಕಿನ ರೈತನದು ಏನಾದೀತು? ಗೋಡೆಗೆ ತೂಗುಹಾಕಿ ಹಾರ ಹಾಕುವುದು ಯಾರಿಗೆ?

ಹಾಗಾಗಿ ನಾನು ಅವರನ್ನು ಕೇಳಿದ್ದು ಸಾಫ್ಟ್‌ವೇರಿನ ಬಗ್ಗೆ ಅಲ್ಲ. “ಅಸಲಿ ಫೋಟೋ ಎಲ್ಲದ?” ಎಂದು. ಚಿಂಚೋಳಿಯಲ್ಲಿ ಸೋದರಮಾವನ ಮನೆಯ ಟ್ರಂಕಿನಲ್ಲಿ ಸಿಕ್ಕಿತು: ಆರು ಇಂಚು ಅಗಲದ ಕಪ್ಪು-ಬಿಳುಪು ಪ್ರಿಂಟು, ಒಂದು ಮೂಲೆ ಗೆದ್ದಲಿಗೆ. ಸೇಡಂನ ಸ್ಟುಡಿಯೋದಲ್ಲಿ ಇಂಚಿಗೆ 1200 ಚುಕ್ಕಿಯಂತೆ ಸ್ಕ್ಯಾನ್ ಮಾಡಿಸಿದರು. 48 ಪಿಕ್ಸೆಲ್ ಇದ್ದ ಮುಖ ಈಗ 270. ಫೈಲನ್ನು ನನಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದ್ದೆ, ವಾಟ್ಸ್ಯಾಪ್ ಹಾಗೆ ಕಳಿಸಿದ್ದನ್ನು ಕುಗ್ಗಿಸುವುದಿಲ್ಲ.

ಇಲ್ಲಿಂದ ಮುಂದೆ ಪುಕ್ಕಟೆ ಎಡಿಟರ್ ಧಾರಾಳ ಸಾಕು. ಓರೆ ತಿದ್ದುವುದು, ಅಂಚು ಕತ್ತರಿಸುವುದು, ಬೆಳಕು ಹೆಚ್ಚಿಸುವುದು ಬರೀ ಕೂಡು-ಕಳೆ, ಗುಣಾಕಾರ. ರೊಕ್ಕ ಕೊಟ್ಟರೆ ಆ ಲೆಕ್ಕ ಬದಲಾಗದು. ಕೆಳಗೆ ಹೆಸರು ಬರೆಯಲು ಪೇಂಟ್ ಇದೆ. 1985ರಲ್ಲಿ ಮೊದಲ ವಿಂಡೋಸ್ ಜೊತೆಗೇ ಬಂದದ್ದು. ಅದು ಕನ್ನಡಕ್ಕೆ ವಿಂಡೋಸಿನದೇ ಅಕ್ಷರ ಜೋಡಣೆ ಬಳಸುತ್ತದೆ, ‘ಮುತ್ತ್ಯಾ’ ಎಂದರೆ ತಕಾರದ ಕೆಳಗೆ ತಾವತ್ತು, ಯಾವತ್ತು ಎರಡೂ ನೆಟ್ಟಗೆ ಕೂರುತ್ತವೆ. ಹೆಸರಾಂತ ದುಬಾರಿ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತಿತ್ತು. ಸ್ಟುಡಿಯೋಗಳವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳನ್ನು ಇವತ್ತಿಗೂ ಬಿಡದಿರುವುದಕ್ಕೆ ಅದೂ ಒಂದು ಕಾರಣ.

ದೊಡ್ಡ ತಂತ್ರಾಂಶ ಬೇಕಾಗುವುದು ಗೀರು, ಗೆದ್ದಲು ಅಳಿಸಲು. ಫೋಟೋಶಾಪಿನಲ್ಲಿ 2002ರಿಂದ ಇರುವ ಹೀಲಿಂಗ್ ಬ್ರಷ್ ಅದೇ ಫೋಟೋದ ಇನ್ನೊಂದು ಜಾಗದ ಹೊರಮೈ ತಂದು ಗೀರಿನ ಮೇಲೆ ಮೆತ್ತುತ್ತದೆ. 1996ರಿಂದ ಪುಕ್ಕಟೆ ಸಿಗುವ ಜಿಂಪ್‌ನಲ್ಲೂ ಇಂಥ ಬ್ರಷ್ ಇದೆ. ಪದರ ಪದರವಾಗಿ ಕೆಲಸ ಮಾಡುವ ಅನುಕೂಲವೂ ಎರಡರಲ್ಲಿ ಇದೆ. ಶಹಾಬಾದ್ ಕಲ್ಲಿನ ಹಾಗೆ, ಮೇಲಿನ ಚಪ್ಪಡಿ ಎಬ್ಬಿಸಿದರೆ ಕೆಳಗಿನದು ಹಾಗೇ ಇರುತ್ತದೆ. ಸ್ಟುಡಿಯೋದವರು ದಿನಕ್ಕೆ ಇಪ್ಪತ್ತು ಫೋಟೋ ತಿದ್ದುವವರಾದರೆ ತಿಂಗಳ ಬಾಡಿಗೆ ಕಟ್ಟಲಿ. ಒಂದು ಫೋಟೋಕ್ಕೆ ಬೇಡ.

ಓದುಗರು ತಾಯಿಯನ್ನೂ ಕರೆದುಕೊಂಡು ಸ್ಟುಡಿಯೋಗೆ ಹೋಗಿದ್ದರು. ಅಲ್ಲಿನ ಹುಡುಗ ಸರಸರ ಗೀರು ಒರೆಸುತ್ತ ಮುಖದ ಹತ್ತಿರ ಬಂದ. ಎಡ ಹುಬ್ಬನ್ನು ಸೀಳಿದ ಸಣ್ಣ ಬಿಳಿ ಗೆರೆಯೊಂದಿತ್ತು. ಎಐ ಚಿತ್ರದಲ್ಲಿ ಅದು ಇರಲೇ ಇಲ್ಲ. ಬ್ರಷ್ಷನ್ನು ಅದರ ಮೇಲೆ ಇಡುವಷ್ಟರಲ್ಲಿ ತಾಯಿ ಹುಡುಗನ ಕೈ ಹಿಡಿದರಂತೆ.

“ತಮ್ಮಾ, ಅದು ಒರೆಸಬ್ಯಾಡ. ನಮ್ಮಪ್ಪಗ ಎತ್ತು ಹಾಯ್ದ ಗಾಯ ಅದ.”