ಸೈರನ್ ಕೂಗಿದರೆ ಓಡಬೇಡಿ, ಒಳಗಿರಿ

ಗ್ಯಾಸ್ ಸೋರಿದರೆ ನಮ್ಮ ಮೂಗೇ ಹೇಳುತ್ತದೆ. ಹಾಲು ಸೀದರೆ ಪಕ್ಕದ ಮನೆಯವರೂ ಕೂಗಿ ಹೇಳುತ್ತಾರೆ. ಆದರೆ ಅಣು ವಿಕಿರಣಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಅದು ಕಣ್ಣಿಗೆ ಕಾಣುವುದೂ ಇಲ್ಲ.

'ನಮ್ಮ ಅಜ್ಜೀಪುರಕ್ಕೂ ಅಣು ಸ್ಥಾವರಕ್ಕೂ ಏನು ಸಂಬಂಧ?' ಅಂತ ನಾನೂ ಸುಮ್ಮನಿದ್ದೆ. ನನ್ನ ತಂಗಿಯ ಮಗಳನ್ನು ಕಾರವಾರ ತಾಲ್ಲೂಕಿನ ಕದ್ರಾ ಕಡೆ ಕೊಟ್ಟಿದ್ದೇವೆ. ಹಬ್ಬಕ್ಕೆ ಬಂದಿದ್ದಾಗ ಅವಳು, "ದೊಡ್ಡಮ್ಮಾ, ಸೈರನ್ ಕೂಗಿದ್ರೆ ನಾನು ಮೊದಲು ಸ್ಕೂಲಿಗೆ ಓಡೋಗಿ ಮಕ್ಕಳನ್ನ ಕರ್ಕೊಂಡು ಬರ್ತೀನಿ" ಅಂದಳು. ಹೆತ್ತ ಕರುಳು ಹೇಳುವುದೇ ಹಾಗೆ. ಆದರೆ ಅಲ್ಲೇ ನಾವು ತಪ್ಪುವುದು ಸೋದರಿಯರೇ!

ಉತ್ತರ ಕನ್ನಡದಲ್ಲಿ, ಕಾಳಿ ನದಿಯ ದಂಡೆಯ ಮೇಲೆ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. 2000ದಿಂದ ಅಲ್ಲಿ ವಿದ್ಯುತ್ ಉತ್ಪಾದನೆ ನಡೆದಿದೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದ್ದರು. ನೌಕರರ ಮೂತ್ರವನ್ನು ಆಗಾಗ ಪರೀಕ್ಷಿಸುವ ಪದ್ಧತಿ ಇದ್ದುದರಿಂದಲೇ ಅದು ಬಯಲಾಯಿತು. ಕಾಣದ ಅಪಾಯಕ್ಕೆ ತಪ್ಪದ ಪರೀಕ್ಷೆಯೇ ಕಾವಲು.

ದೊಡ್ಡ ಅಪಘಾತವಾದರೆ ವಿಕಿರಣ ಬೆರೆತ ಧೂಳು ಗಾಳಿಯಲ್ಲಿ ಹರಡುತ್ತದೆ. ಅದನ್ನು ತಡೆಯುವುದು ಗೋಡೆ ಮತ್ತು ಸೂರು. ರಸ್ತೆಯಲ್ಲಿ ಓಡುವ ತಾಯಿಗೂ, ಅವಳ ಕೈಹಿಡಿದು ಬರುವ ಮಗುವಿಗೂ ಆ ಆಸರೆ ಇಲ್ಲ. ಆ ಹೊತ್ತಿಗೆ ಮಗುವಿಗೆ ಶಾಲೆಯ ಕೋಣೆಯೇ ಕ್ಷೇಮ. ಅದಕ್ಕೇ ಮೇಷ್ಟ್ರನ್ನು ಈಗಲೇ ಕೇಳಿಟ್ಟುಕೊಳ್ಳಿ: "ಅಂಥ ಹೊತ್ತಿನಲ್ಲಿ ಮಕ್ಕಳನ್ನು ಯಾವ ಕೋಣೆಯಲ್ಲಿ ಇರಿಸ್ತೀರಿ? ನಮಗೆ ಹೇಗೆ ತಿಳಿಸ್ತೀರಿ?" ಉತ್ತರ ಗೊತ್ತಿದ್ದರೆ ಮನಸ್ಸು ಹಿಡಿತದಲ್ಲಿರುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು:

* ಬಾಗಿಲು, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ. ಸಂದಿಗೆ ಒದ್ದೆ ಬಟ್ಟೆ ತುರುಕಿ.

* ಹೊರಗಿನಿಂದ ಬಂದವರು ಉಟ್ಟ ಬಟ್ಟೆ ಕಳಚಿ ಚೀಲದಲ್ಲಿ ಕಟ್ಟಿ ದೂರವಿಡಲಿ, ಸೋಪು ಹಚ್ಚಿ ಸ್ನಾನ ಮಾಡಲಿ. ಮೈಗಂಟಿದ ಧೂಳು ಬಹುಪಾಲು ಹೋಗುತ್ತದೆ.

* ನೀರು, ಅಡುಗೆ ಮುಚ್ಚಿಡಿ. ಹಿತ್ತಲ ಸೊಪ್ಪು, ತೆರೆದ ಬಾವಿಯ ನೀರು ಬೇಡ. ಎಷ್ಟು ಕುದಿಸಿದರೂ ವಿಕಿರಣ ಹೋಗುವುದಿಲ್ಲ.

* ಹಸುವನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿ, ಮುಚ್ಚಿಟ್ಟ ಒಣಹುಲ್ಲು ಹಾಕಿ. 1986ರಲ್ಲಿ ಚೆರ್ನೋಬಿಲ್ ಅಪಘಾತವಾದಾಗ ವಿಕಿರಣದ ಅಯೋಡಿನ್ ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿನ ಮೂಲಕ ಮಕ್ಕಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೇರಿತು. ಮುಂದೆ ಸಾವಿರಾರು ಮಂದಿಗೆ ಆ ಗ್ರಂಥಿಯ ಕ್ಯಾನ್ಸರ್ ಬಂತು. ಈ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಮೊದಲ ವಾರಗಳ ಎಚ್ಚರವೇ ಮುಖ್ಯ.

* ಪೊಟಾಸಿಯಂ ಅಯೋಡೈಡ್ ಮಾತ್ರೆ ಥೈರಾಯ್ಡನ್ನು ಕಾಯುತ್ತದೆ, ಬೇರೆ ಅಂಗಗಳನ್ನಲ್ಲ. ಅಧಿಕಾರಿಗಳು ಹೇಳಿದಾಗ, ಹೇಳಿದಷ್ಟೇ ನುಂಗಿ. ಅಯೋಡಿನ್ ಉಪ್ಪು ಅದಕ್ಕೆ ಬದಲಲ್ಲ. 2011ರಲ್ಲಿ ಜಪಾನಿನ ಫುಕುಶಿಮಾ ದುರಂತವಾದಾಗ ಚೀನಾದಲ್ಲಿ ಜನ ಗಾಳಿಮಾತು ನಂಬಿ ಉಪ್ಪಿಗಾಗಿ ಅಂಗಡಿಗೆ ಮುಗಿಬಿದ್ದರು!

* ರೇಡಿಯೋ, ಟಾರ್ಚು, ಬ್ಯಾಟರಿ ಸೆಲ್ಲು, ದಿನನಿತ್ಯದ ಔಷಧಿ, ರೇಷನ್ ಕಾರ್ಡು ಒಂದೇ ಚೀಲದಲ್ಲಿರಲಿ. ಊರು ಬಿಡಿ ಎಂದು ಜಿಲ್ಲಾಡಳಿತ ಹೇಳಿದರೆ ತಡಮಾಡದೆ ಹೊರಡಿ.

ಇಷ್ಟನ್ನೂ ಹೇಳಿದಾಗ ತಂಗಿಯ ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಊರಿಗೆ ಹೋದ ತಕ್ಷಣ ಮೇಷ್ಟ್ರನ್ನ ಕೇಳ್ತೀನಿ ದೊಡ್ಡಮ್ಮಾ" ಅಂದಳು. ನಿಮ್ಮವರೂ ಆ ಕಡೆ ಇದ್ದರೆ ಈ ಪುಟ ಕತ್ತರಿಸಿ ಕಳಿಸಿಕೊಡಿ.